ಓದಿದವರು ಒಬ್ಬರು ಹೆಚ್ಚು
ವ್ಯಾಪಾರ ಇಲಾಖೆಯ ನಮ್ಮ ಗುಮಾಸ್ತರು ಸೀನಿದರೂ ದಿನಾಂಕ ಹಾಕಿಯೇ ಸೀನುವ ಆಸಾಮಿ. ರಫ್ತುದಾರರಿಗೆ ಹೋಗುವ ಪ್ರತಿ ಸೂಚನೆಯನ್ನೂ ಮೊದಲು ಪಕ್ಕದ ಖಾಲಿ ಕುರ್ಚಿಗೆ ಓದಿ ಹೇಳುತ್ತಾರೆ. ಅಲ್ಲಿ ಕೂತು ತಪ್ಪು ಹಿಡಿಯುತ್ತಿದ್ದ ಹಿರಿಯರು ತೀರಿಕೊಂಡು ಎರಡು ವರ್ಷವಾಯಿತು. "ಒಂದಂಕಿ ತಪ್ಪಿದರೂ ಬಂದರಿನಲ್ಲಿ ಸರಕು ಕೊಳೆಯುತ್ತೆ ಕಣ್ರೀ," ಅನ್ನುತ್ತಾರೆ. ಸೂಚನೆ ಕಳಿಸುವ ಹಳೇ ಎಸ್ಸೆಮ್ಮೆಸ್ ಪಟ್ಟಿಯನ್ನು ಹೊಸ ಆ್ಯಪಿಗೆ ಸಾಗಿಸುವಾಗ ಹಿರಿಯರ ನಂಬರನ್ನು ತಾವೇ ಅಳಿಸಿದರು. ನಿನ್ನೆ ಅವಸರದಲ್ಲಿ, ಕುರ್ಚಿಗೆ ಓದದೆಯೇ, ಆ್ಯಪಿನ ಮೊದಲ ಸೂಚನೆ ಕಳಿಸಿದರು. ಕಳಿಸಿದ್ದು ನಾನ್ನೂರು ಮಂದಿಗೆ. ಓದಿದವರು ನಾನ್ನೂರಾ ಒಂದು ಅಂತ ಆ್ಯಪ್ ತೋರಿಸಿತು. "ಹೊಸ ಆ್ಯಪ್ ಅಲ್ವಾ ಸಾರ್, ಎಣಿಕೆ ತಪ್ಪಿರಬೇಕು," ಅಂದೆ. ಅವರು ಪರದೆಯನ್ನು ನನ್ನತ್ತ ತಿರುಗಿಸಿದರು. ಹೆಸರಿಲ್ಲದ, ನಂಬರೂ ಇಲ್ಲದ ಉತ್ತರವೊಂದು ಬಂದಿತ್ತು: "ಮೂರನೇ ಸಾಲಲ್ಲಿ ದಿನಾಂಕ ತಪ್ಪಿದೆ. ನನಗೊಂದು ಸಲ ಓದಿ ಹೇಳೋಕೆ ಏನಾಗಿತ್ತಯ್ಯಾ ನಿನಗೆ?"