ಹಡಗು ಕಾಯುವುದಿಲ್ಲ ಎನ್ನುತ್ತಿದ್ದವನು

ಖಾತ್ರಿ ಕಳೆದ ಗುರುವಾರ ಮಧ್ಯಾಹ್ನ ತೀರಿಕೊಂಡ. ನನ್ನ ಹಳೇ ಪುಸ್ತಕದ ಅಂಗಡಿಯಲ್ಲಿ, ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಾಗ. ಎಪ್ಪತ್ತೆರಡು ವಯಸ್ಸು. ಹೃದಯ ನಿಂತಿತು ಎಂದರು ಡಾಕ್ಟರು. ಅವನು ಕೇಳಿಸಿಕೊಂಡಿದ್ದರೆ ಅವರನ್ನೂ ಬಿಡುತ್ತಿರಲಿಲ್ಲ. "ಖಾತ್ರಿನಾ?" ಎನ್ನುತ್ತಿದ್ದ.

ಆ ಹೆಸರು ಬಂದದ್ದೇ ಹಾಗೆ. ಮೂವತ್ತೈದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಯನ್ನೂ ತೂಕದ ಬಟ್ಟುಗಳನ್ನೂ ತನ್ನ ಸರಕಾರಿ ಬಟ್ಟಿನ ಎದುರಿಗಿಟ್ಟು ನೋಡುವುದು, ಕಡಿಮೆ ಬಂದರೆ ಕೆಂಪು ಅರಗು ಕರಗಿಸಿ ಮೊಹರೊತ್ತಿ ಮುಚ್ಚುವುದು ಅವನ ಕೆಲಸ. ಸಂಶಯ ಅವನಿಗೆ ಸಂಬಳದ ಜೊತೆ ಬಂದದ್ದು, ಪಿಂಚಣಿಯ ಜೊತೆ ಉಳಿದದ್ದು. ಹಾಲಿನವನು ನಗುತ್ತಾ ಬಂದರೆ ನೀರು ಹಾಕಿದ್ದಾನೆ ಎನ್ನುತ್ತಿದ್ದ. ಮುಖ ಗಂಟಿಕ್ಕಿಕೊಂಡು ಬಂದರೆ ಜಾಸ್ತಿಯೇ ಹಾಕಿದ್ದಾನೆ ಎನ್ನುತ್ತಿದ್ದ. ನನ್ನಿಂದ ಓದಲು ಒಯ್ದ ಪುಸ್ತಕವನ್ನು ಮೊದಲು ಪುಟ ಎಣಿಸಿ, ಒಂದೂ ಹರಿದಿಲ್ಲವೆಂದು ನಂಬಿಕೆ ಬಂದ ಮೇಲೆಯೇ ಓದುತ್ತಿದ್ದ. ನಲವತ್ತು ವರ್ಷದ ಗೆಳೆತನದಲ್ಲಿ ಒಂದು ಸಲವೂ ಎಣಿಸದೆ ಬಿಟ್ಟದ್ದು ನೆನಪಿಲ್ಲ.

ಇಂಥವನು ನಿವೃತ್ತನಾದ ಮೇಲೆ ಹನ್ನೆರಡು ವರ್ಷದಲ್ಲಿ ಹನ್ನೆರಡು ಸಲ ವಿಹಾರದ ಹಡಗು ಹತ್ತಿದ. ಪ್ರತಿ ಸಲವೂ ಅದೇ ಹಡಗು, ಅದೇ ಏಳು ದಿನದ ದಾರಿ. ಸಮುದ್ರದ ಹುಚ್ಚು ಎಂದುಕೊಂಡೆವು. ಅದಲ್ಲ. ಮೂರನೆಯ ದಿನ ಹಡಗು ನಿಲ್ಲುವ ಬಂದರಿನ ಊರಿನಲ್ಲಿ ಅವನ ತಮ್ಮನಿದ್ದ. ಆ ತಮ್ಮನಿಗೆ ಅವನು ಒಂದು ಮಾತು ಹೇಳಬೇಕಿತ್ತು. ಹನ್ನೊಂದು ಸಲ ಹೋಗಿ, ಹೇಳದೆ ವಾಪಸು ಬಂದಿದ್ದ.

ಅದು ನನಗೆ ಗೊತ್ತಾದದ್ದು ಕೊನೆಗೆ. ಅಲ್ಲಿಯವರೆಗೆ ನನ್ನ ಪಾಲಿಗೆ ಬಂದದ್ದು ಅವನ ಸಲಹೆಗಳು. ಮೊದಲ ಬಾರಿಗೆ ಹಡಗು ಹತ್ತುವವರು ಅವನನ್ನು ಹುಡುಕಿಕೊಂಡು ನನ್ನ ಅಂಗಡಿಗೆ ಬರುತ್ತಿದ್ದರು. ಪುಸ್ತಕ ಕೊಳ್ಳುತ್ತಿರಲಿಲ್ಲ, ನನ್ನ ಬೆಂಚು ಸವೆಸಿ ಹೋಗುತ್ತಿದ್ದರು.

ಟಿಕೆಟ್ ಮಾರುವವನು ತೋರಿಸುವ ಚಿತ್ರವನ್ನು ನಂಬಬೇಡಿ, ಹಡಗಿನ ನಕ್ಷೆ ಕೇಳಿ ಎನ್ನುತ್ತಿದ್ದ. ನಿಮ್ಮ ರೂಮು ಎಲ್ಲಿದೆ ಅನ್ನುವುದಕ್ಕಿಂತ ಅದರ ತಲೆಯ ಮೇಲೆ ಏನಿದೆ ನೋಡಿ. ಮೇಲೆ ಕುಣಿಯುವ ಹಾಲ್ ಇದ್ದರೆ ನಿಮ್ಮ ನಿದ್ದೆ ಅವರ ಕಾಲಡಿ. ಕೆಳಗಿನ ಅಂತಸ್ತಿನ ನಟ್ಟನಡುವಿನ ರೂಮು ತಗೊಂಡರೆ ಓಲಾಟ ಕಡಿಮೆ; ಕಿಟಕಿ ಇಲ್ಲದಿದ್ದರೆ ನಷ್ಟವಿಲ್ಲ, ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ, ಮೇಲೆ ಹೋಗಿ ನೋಡಿ. ದೊಡ್ಡ ಪೆಟ್ಟಿಗೆ ರೂಮಿಗೆ ಬರುವ ಹೊತ್ತಿಗೆ ಸಂಜೆಯಾಗುತ್ತದೆ, ಆದ್ದರಿಂದ ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ರೂಮಿನ ಗೋಡೆ ಕಬ್ಬಿಣದ್ದು. ನಾಲ್ಕು ಅಯಸ್ಕಾಂತದ ಕೊಕ್ಕೆ ಒಯ್ದರೆ ನಾಲ್ಕು ಗೂಟ ಸಿಕ್ಕಂತೆ. ಮೊದಲ ದಿನ ಎಲ್ಲರೂ ತಟ್ಟೆ ಹಿಡಿದು ನುಗ್ಗುವ ಕಡೆ ಹೋಗಬೇಡಿ, ಕೂರಿಸಿ ಬಡಿಸುವ ಹಾಲ್ ಖಾಲಿ ಇರುತ್ತದೆ. ನೂರು ಕೈ ಮುಟ್ಟಿದ ಸೌಟನ್ನು ಮುಟ್ಟಿದ ಮೇಲೆ ಕೈ ತೊಳೆಯದೆ ಬಾಯಿ ಮುಟ್ಟಬೇಡಿ. ನಗುತ್ತಾ ಫೋಟೋ ತೆಗೆಯುವವನು ನಿಮ್ಮ ಸಂಬಂಧಿಕನಲ್ಲ.

ಎಲ್ಲಕ್ಕಿಂತ ಮೇಲಿನದು ಗಡಿಯಾರದ ವಿಷಯ. ಮೊಬೈಲ್ ದಡ ಕಂಡ ಕೂಡಲೇ ದಡದ ಗಂಟೆಗೆ ಹೊರಳುತ್ತದೆ. ಹಡಗು ಬಂದರಿನಲ್ಲಿ ತನ್ನ ಗಂಟೆಯನ್ನು ಬಿಡುವುದಿಲ್ಲ; ಬದಲಾಯಿಸಿದರೂ ನಡುಸಮುದ್ರದಲ್ಲಿ, ಕಾಗದದಲ್ಲಿ ಬರೆದು ತಿಳಿಸಿ. ಹೀಗಾಗಿ ಕೈಗೆ ಕೀಲಿ ಕೊಡುವ ಗಡಿಯಾರ ಕಟ್ಟಿ, ಹಡಗಿನ ಗಂಟೆಗೆ ಇಟ್ಟು, ಇಳಿದ ಮೇಲೆ ಅದನ್ನು ಮಾತ್ರ ನೋಡಬೇಕು. ಹೊರಡುವುದಕ್ಕೆ ಒಂದು ಗಂಟೆ ಮುಂಚೆ ಹಡಗು ಹತ್ತುವ ಏಣಿಯ ಹತ್ತಿರ ಇರಬೇಕು.

"ಹಡಗು ಯಾರಿಗೂ ಕಾಯಲ್ಲ," ಎನ್ನುತ್ತಿದ್ದ. "ನಮ್ಮಪ್ಪನ ಹಡಗಾದ್ರೂ ಕಾಯಲ್ಲ."

ಒಮ್ಮೆ ಮದುವೆಯಾದ ಹೊಸದರಲ್ಲಿದ್ದ ಗಂಡಹೆಂಡತಿ ಬಂದಿದ್ದರು. ಎಲ್ಲ ಕೇಳಿಸಿಕೊಂಡ ಆ ಹುಡುಗಿ, "ಸಾರ್, ಇಷ್ಟೆಲ್ಲ ಅನುಮಾನ ಪಡೋದಾದ್ರೆ ಖುಷಿ ಪಡೋದು ಯಾವಾಗ?" ಎಂದಳು. ಖಾತ್ರಿ ಬೆರಳು ಮಡಿಚಿ ಎಣಿಸಿ, "ನಾಲ್ಕನೇ ದಿನ," ಎಂದ. ಆಗ ನಾನು ನಕ್ಕುಬಿಟ್ಟೆ.

ನನಗೂ ಸಂಶಯ ಹುಟ್ಟಿಸಿದವರು ಅತ್ತಿಗೆ, ಅಂದರೆ ಅವನ ಹೆಂಡತಿ. ಅವರಿಗೆ ಕೆರೆಯ ದೋಣಿ ಕಂಡರೂ ವಾಂತಿ. ಹಡಗಿನ ಹತ್ತಿರ ಹೋದವರಲ್ಲ. ಈ ವರ್ಷ ಅವನು ಹನ್ನೆರಡನೆಯ ಪ್ರಯಾಣಕ್ಕೆ ಪೆಟ್ಟಿಗೆ ಕಟ್ಟುತ್ತಿದ್ದಾಗ ನನ್ನ ಅಂಗಡಿಗೆ ಬಂದು, ಬಾಗಿಲು ಅರ್ಧ ಮುಚ್ಚಿ ಕೂತರು.

"ಆರು ದಿನಕ್ಕೆ ಸಾದಾ ಬಟ್ಟೆ. ಮೂರನೇ ದಿನಕ್ಕೆ ಮಾತ್ರ ಇಸ್ತ್ರಿ ಮಾಡಿದ ಬಿಳಿ ಶರ್ಟು," ಎಂದರು. "ವರ್ಷಾ ವರ್ಷ ಇದೇ. ಸಮುದ್ರಕ್ಕೆ ತೋರಿಸೋಕಾ ಬಿಳಿ ಶರ್ಟು? ನೀವೇ ಹೇಳಿ."

ಈ ವಯಸ್ಸಿನಲ್ಲಿ ಹಾಗೆಲ್ಲ ಇರಲಾರದು ಎಂದೆ. "ವಯಸ್ಸು ಶರ್ಟಿಗೆ ಗೊತ್ತಾಗುತ್ತಾ?" ಎಂದು ಎದ್ದರು. ಬಾಗಿಲಲ್ಲಿ ನಿಂತು, ನೀವೂ ಜೊತೆಗೆ ಹೋಗಿ ಎಂದರು. ಬೇಹುಗಾರಿಕೆಯ ಕಾದಂಬರಿಗಳನ್ನು ಜೀವನವಿಡೀ ಮಾರಿದ್ದೇನೆ. ನನಗೇ ಆ ಕೆಲಸ ಬಂತು.

ಬಂದರಿನಲ್ಲಿ ಚೀಲಗಳನ್ನು ಯಂತ್ರದೊಳಗೆ ಬಿಡುವ ಕಡೆ ಅವನ ಕೈಚೀಲ ನಿಂತಿತು. ಕಾವಲಿನವಳು ಒಳಗೆ ಕೈಹಾಕಿ ಒಂದು ಕಿಲೋದ ಹಿತ್ತಾಳೆ ಬಟ್ಟು ತೆಗೆದಳು. "ಮತ್ತೆ ಇದೇನಾ ಸಾರ್?" ಎಂದಳು. "ಇದೇ," ಎಂದ ಅವನು. ಅವಳು ನಕ್ಕು ವಾಪಸಿಟ್ಟಳು. ಹನ್ನೆರಡು ವರ್ಷದಿಂದ ಬಟ್ಟು ಹೊತ್ತು ವಿಹಾರಕ್ಕೆ ಹೋಗುವ ಮನುಷ್ಯ ಇವನೊಬ್ಬನೇ ಇರಬೇಕು.

ರೂಮಿನಲ್ಲಿ ಕೊಕ್ಕೆಗಳನ್ನು ಗೋಡೆಗೆ ಅಂಟಿಸಿ ಶರ್ಟು ತೂಗುಹಾಕುತ್ತಿದ್ದವನನ್ನು ನೇರವಾಗಿ ಕೇಳಿದೆ. ಶರ್ಟು ಯಾರಿಗೆ, ಬಟ್ಟು ಯಾತಕ್ಕೆ?

ಅವನು ಬಟ್ಟನ್ನು ಮಗುಚಿ ನನ್ನ ಅಂಗೈಯಲ್ಲಿಟ್ಟ. ತಳದಲ್ಲಿ ಬಟ್ಟಲಿನಂಥ ಸಣ್ಣ ಕುಳಿ. ಆ ಕುಳಿಯಲ್ಲಿ ಕೆಂಪಗೆ, ಗಟ್ಟಿಯಾಗಿ, ಉಗುರಿನಷ್ಟು ಅರಗು.

ತಮ್ಮನ ಕಥೆಯ ಅರ್ಧ ನನಗೆ ಮೊದಲೇ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ತಮ್ಮನಿಗೆ ನಮ್ಮ ಬೀದಿಯಲ್ಲೇ ಮೊಳೆ, ಚಿಲಕ, ಬೀಗದ ಅಂಗಡಿಯಿತ್ತು. ಮೊಳೆಯನ್ನು ತೂಗಿ ಕೊಡುತ್ತಿದ್ದ. ಇಪ್ಪತ್ತು ವರ್ಷದ ಹಿಂದೆ ಖಾತ್ರಿ ತಪಾಸಣೆಗೆ ಹೋಗಿ, ಅವನ ಬಟ್ಟು ನಾಲ್ಕು ಗ್ರಾಂ ಕಡಿಮೆ ಎಂದು, ಜನ ನೋಡುತ್ತಿರುವಂತೆಯೇ ತಕ್ಕಡಿಗೆ ಮೊಹರು ಹಾಕಿದ್ದ. "ನಿನ್ನ ಬಟ್ಟು ನೋಡ್ಕೋ ಅಣ್ಣ," ಎಂದು ತಮ್ಮ ಮೂರು ಸಲ ಹೇಳಿದನಂತೆ. ಸರಕಾರಿ ಬಟ್ಟನ್ನು ಸಂಶಯಿಸುವುದುಂಟೇ? ಒಡಹುಟ್ಟಿದವನನ್ನೂ ಬಿಡದ ಅಧಿಕಾರಿ ಎಂದು ನಾವೆಲ್ಲ ಹೊಗಳಿದೆವು. ನಾನಂತೂ ಹೆಚ್ಚೇ ಹೊಗಳಿದೆ. ತಿಂಗಳೊಳಗೆ ತಮ್ಮ ಅಂಗಡಿ ಮುಚ್ಚಿ ಊರು ಬಿಟ್ಟ.

ಉಳಿದರ್ಧ ಈ ಅರಗಿನಲ್ಲಿತ್ತು. ಆ ವಾರ ಯಾರದೋ ತಕ್ಕಡಿ ಮುಚ್ಚುವಾಗ ಒಂದು ತೊಟ್ಟು ಅರಗು ಅವನದೇ ಬಟ್ಟಿನ ತಳಕ್ಕೆ ಬಿದ್ದು ಗಟ್ಟಿಯಾಗಿತ್ತು. ಭಾರವಾಗಿದ್ದದ್ದು ಅವನ ಬಟ್ಟು. ತಮ್ಮನದು ಸರಿಯಾಗಿಯೇ ಇತ್ತು. ಸ್ವಲ್ಪ ದಿನಕ್ಕೆಲ್ಲ ವಿದ್ಯುತ್ ತಕ್ಕಡಿಗಳು ಬಂದು ಹಳೆಯ ಹಿತ್ತಾಳೆ ಸೆಟ್ಟು ಕಪಾಟು ಸೇರಿತು; ಯಾರೂ ಮಗುಚಿ ನೋಡಲಿಲ್ಲ. ಎಂಟು ವರ್ಷ ಕಳೆದು ನಿವೃತ್ತಿಯ ದಿನ, ನೆನಪಿಗಿರಲಿ ಎಂದು ಇಲಾಖೆಯವರು ಅದರಲ್ಲಿ ಒಂದನ್ನು ಅವನಿಗೇ ಕೊಟ್ಟರು. ಮನೆಯಲ್ಲಿ ಉಜ್ಜಲು ಕೂತಾಗ ಕಂಡಿತು.

ಆ ವಾರ ಮೊಹರು ಹಾಕಿದ್ದ ಇನ್ನೂ ನಾಲ್ಕು ಅಂಗಡಿಯವರನ್ನು ಹುಡುಕಿ ಹೋಗಿ ತಪ್ಪೊಪ್ಪಿಕೊಂಡು ಬಂದನಂತೆ. ಅದಕ್ಕೆ ಅವನಿಗೆ ಹಿಡಿದದ್ದು ನಾಲ್ಕು ದಿನ.

"ತಮ್ಮನಿಗೆ ಮಾತ್ರ ಹನ್ನೆರಡು ವರ್ಷವೇನೋ?" ಎಂದೆ.

"ಅವ್ರು ಬೈದ್ರು, ಮುಗೀತು," ಎಂದ. "ಇವನು ಬೈಯದೇ ಇದ್ರೆ?"

ಮೂರನೆಯ ದಿನ ಬಿಳಿ ಶರ್ಟು ಹಾಕಿಕೊಂಡ. ನೂಕುನುಗ್ಗಲು ಇಳಿದುಹೋಗಲಿ ಎಂದು ಅರ್ಧ ಗಂಟೆ ಕಾದು, ಬಂದರಿನ ಗೇಟಿನ ಫೋಟೋ ತೆಗೆದುಕೊಂಡು, ತುರ್ತಿಗೆ ಕರೆಯಬೇಕಾದ ನಂಬರಿದ್ದ ಆ ದಿನದ ಹಡಗಿನ ಕಾಗದವನ್ನು ಜೇಬಿನಲ್ಲಿಟ್ಟು ಇಳಿದ. ಊಟ ಮುಗಿಸಿ, ಬೀದಿಗಳನ್ನು ಸುತ್ತಿಸಿ, ಕೊನೆಗೆ ನನ್ನನ್ನು ಒಂದು ಟೀ ಅಂಗಡಿಯಲ್ಲಿ ಕೂರಿಸಿದ. ಎದುರಿಗೇ ಮೊಳೆ ಅಂಗಡಿ. ಬೋಳುತಲೆಯ ತೆಳ್ಳನೆಯ ಮನುಷ್ಯನೊಬ್ಬ ಮೊಳೆ ತೂಗುತ್ತಿದ್ದ. ಹನ್ನೊಂದು ವರ್ಷ ಖಾತ್ರಿ ಇದೇ ಬೆಂಚಿನಲ್ಲಿ ಕೂತು, ಗಡಿಯಾರ ನೋಡಿ, ಎದ್ದುಹೋಗಿದ್ದ.

"ಇವತ್ತು ಅವನ ಮುಖ ಸರಿಯಿಲ್ಲ. ಮುಂದಿನ ವರ್ಷ ನೋಡೋಣ," ಎಂದ.

ನಾನು ಅವನ ಚೀಲ ಎತ್ತಿಕೊಂಡು ರಸ್ತೆ ದಾಟಿದೆ. ಬಟ್ಟು ಚೀಲದಲ್ಲಿತ್ತು. ಬರದೆ ಏನು ಮಾಡುತ್ತಾನೆ?

ತಮ್ಮ ನಮ್ಮನ್ನು ನೋಡಿ ಎದ್ದು ನಿಲ್ಲಲಿಲ್ಲ. ತಕ್ಕಡಿಯನ್ನು ಎರಡು ಕೈಯಿಂದ ಮುಂದಕ್ಕೆ ದೂಡಿದ. "ಬನ್ನಿ ಸಾಹೇಬ್ರೇ, ನೋಡ್ಕೊಳ್ಳಿ," ಎಂದ. "ಎದುರಿಗೆ ಕೂತು ಟೀ ಕುಡಿಯೋದು ನನಗೆ ಕಾಣಲ್ಲ ಅಂದ್ಕೊಂಡ್ರಾ? ನಿಮ್ಮ ಹಡಗು ಬರೋ ಹಿಂದಿನ ದಿನ ತಕ್ಕಡಿ ಒರೆಸಿ, ಪರೀಕ್ಷೆ ಮಾಡಿಸಿ ಇಡ್ತೀನಿ. ಹನ್ನೆರಡು ವರ್ಷದಿಂದ."

ತಮ್ಮ ಬೈಯದೇ ಇದ್ದರೆ ಎಂದು ಅಣ್ಣ ಹೆದರಿ ಕೂತಿದ್ದರೆ, ಅಣ್ಣ ಮತ್ತೆ ಸಾಕ್ಷಿ ಕಲೆಹಾಕುತ್ತಿದ್ದಾನೆಂದು ತಮ್ಮ ಹೆದರಿ ಕೂತಿದ್ದ. ಒಂದೇ ತಾಯಿಯ ಮಕ್ಕಳು ಎನ್ನಲು ಬೇರೆ ಪುರಾವೆ ಬೇಡ.

ಖಾತ್ರಿ ಬಟ್ಟನ್ನು ತೆಗೆದು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟ. ತಮ್ಮ ಬಾಗಿ ನೋಡಿದ. ಬೆರಳಿನಿಂದ ಅರಗನ್ನು ಮುಟ್ಟಿದ. ಕೆರೆಯಲಿಲ್ಲ. ಗಿರಾಕಿಯೊಬ್ಬ ಬಂದು ಎರಡಿಂಚಿನ ಮೊಳೆ ಕೇಳಿ, ಉತ್ತರ ಸಿಗದೆ ಹೋದ.

"ನೀನು ಮೂರು ಸಲ ಹೇಳಿದ್ದೆ," ಎಂದ ಖಾತ್ರಿ. "ನಾನು ಮಗುಚಿ ನೋಡಲಿಲ್ಲ. ತಪ್ಪು ನಂದು."

ತಮ್ಮ ಬಟ್ಟನ್ನು ಎತ್ತಿ ತನ್ನ ಹಿಂದಿನ ಕಪಾಟಿನಲ್ಲಿಟ್ಟ. ಗೋಡೆಯ ಗಡಿಯಾರ ನೋಡಿದ. ಅದರಲ್ಲಿ ನಾಲ್ಕೂ ಮುಕ್ಕಾಲು. "ಹೊತ್ತಾಯ್ತು. ಹೋಗು," ಎಂದ. ಅಷ್ಟೇ.

ಅಲ್ಲಿಂದ ಶುರುವಾಯಿತು ನೋಡಿ. ಹಡಗಿನ ಗಂಟೆ ಆ ಊರಿನ ಗಂಟೆಗಿಂತ ಒಂದು ಗಂಟೆ ಹಿಂದೆ. ಅವನ ಕೈಗಡಿಯಾರದಲ್ಲಿ ಆಗ ಮೂರೂ ಮುಕ್ಕಾಲು. ಹಡಗು ಹೊರಡುವುದು ಐದಕ್ಕೆ. "ಇನ್ನೂ ಒಂದೂಕಾಲು ಗಂಟೆ ಇತ್ತು," ಎಂದು ಏಣಿ ಹತ್ತುವಾಗ ಹೇಳಿದ. ಊಟದಲ್ಲಿ ಹೇಳಿದ. ಊರಿಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತು ಎರಡು ತಿಂಗಳು ಹೇಳಿದ. "ಬಟ್ಟು ಯಾಕೆ ಇಟ್ಕೊಂಡ? ಯಾರಿಗಾದ್ರೂ ತೋರಿಸೋಕಾ? ಹೊತ್ತಾಯ್ತು ಅಂತ ಓಡಿಸಿದ ಕಣೋ ನನ್ನ." ಅತ್ತಿಗೆಗೆ ಎಲ್ಲ ತಿಳಿಸಿದ್ದೆ. ಅವರಿಗೆ ಶರ್ಟಿನ ಸಂಶಯ ಹೋಗಿ ಸಮಾಧಾನವಾಗಿತ್ತು, ಇವನಿಗೆ ಆಗಲಿಲ್ಲ. ಆ ಎರಡು ತಿಂಗಳು ಯಾರಿಗೂ ಹಡಗಿನ ಸಲಹೆ ಕೊಡಲಿಲ್ಲ. ಪುಸ್ತಕದ ಪುಟವನ್ನು ಎರಡು ಸಲ ಎಣಿಸತೊಡಗಿದ.

ಮೂರು ವಾರದ ಹಿಂದೆ ಅಂಗಡಿಯಲ್ಲಿದ್ದಾಗಲೇ ಅವನ ಫೋನು ಬಂತು. ಗೊತ್ತಿಲ್ಲದ ನಂಬರು ಎಂದು ಎತ್ತಲಿಲ್ಲ. ಮೂರನೆಯ ಸಲ ನಾನೇ ಒತ್ತಿ ಅವನ ಕಿವಿಗಿಟ್ಟೆ. ಆ ಕಡೆಯ ದನಿ ನನಗೂ ಕೇಳಿಸಿತು.

"ಅಣ್ಣಾ, ಆ ಹಡಗು ವಾಪಸು ಹೋಗುವಾಗ ಇಲ್ಲಿಂದಲೂ ಹತ್ತಿಸ್ಕೊಳ್ತಾರಂತೆ. ಯಾವ ರೂಮು ತಗೊಳ್ಳಲಿ?"

ಖಾತ್ರಿ ರೂಮಿನ ಮಾತು ಬಿಟ್ಟು, ಅವತ್ತು ಯಾಕೆ ಹೋಗು ಅಂದೆ ಎಂದು ಕೇಳಿದ.

"ಹನ್ನೊಂದು ವರ್ಷ ನೀನು ಆ ಬೆಂಚಿನಿಂದ ಎದ್ದಿದ್ದು ನಮ್ಮ ಗಡಿಯಾರದ ನಾಲ್ಕೂ ಮುಕ್ಕಾಲಿಗೆ," ಎಂದ ತಮ್ಮ. "ನಾನು ನೋಡಿದೀನಿ. ಹಡಗು ತಪ್ಪಿಬಿಟ್ರೆ ಅಂತ ಹೇಳ್ದೆ."

ಬಳಿಕ ಒಂದು ಗಂಟೆ ಖಾತ್ರಿ ಮಾತಾಡಿದ. ನಕ್ಷೆ ಕೇಳು, ತಲೆಯ ಮೇಲೆ ಏನಿದೆ ನೋಡು, ನಡುವಿನ ರೂಮು, ಕೈಚೀಲದಲ್ಲಿ ಮಾತ್ರೆ, ನಾಲ್ಕು ಕೊಕ್ಕೆ. ಕೊಕ್ಕೆ ನಾನೇ ಮಾರ್ತೀನಿ ಅಣ್ಣ ಎಂದನಂತೆ ಆ ಕಡೆಯವನು.

ಆದರೂ ಬರುತ್ತಾನೆ ಎಂದು ಅವನು ನಂಬಲಿಲ್ಲ. ಟಿಕೆಟಿನ ಫೋಟೋ ಕಳಿಸು ಎಂದ. ಫೋಟೋ ಬಂದ ಮೇಲೆ ಅದರ ದಿನಾಂಕ ಓದಿಸಿದ. ಬುಧವಾರ ಸಂಜೆ ತಮ್ಮ ಹಡಗಿನಿಂದಲೇ ಫೋನ್ ಮಾಡಿದಾಗ, "ಖಾತ್ರಿನಾ? ಹಾರ್ನ್ ಕೇಳಿಸು," ಎಂದು ಹಟ ಹಿಡಿದು, ಅದು ಮೊಳಗುವವರೆಗೆ ಫೋನು ಕಿವಿಯಿಂದ ತೆಗೆಯಲಿಲ್ಲ. ವಾಪಸು ಬರುವಾಗ ಹಡಗೂ ಆ ಊರಿನ ಗಂಟೆಯಲ್ಲೇ ಇರುತ್ತದೆಂದು ಅವನಿಗೆ ಗೊತ್ತಿತ್ತು; ಆ ಕ್ಷಣವೇ ಕೈಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡ. ತಮ್ಮ ಯಾವ ಗಂಟೆಯಲ್ಲಿದ್ದಾನೋ ಅದೇ ತನ್ನ ಗಂಟೆ ಎಂದ.

ಹಡಗು ಶುಕ್ರವಾರ ಬೆಳಿಗ್ಗೆ ದಡಕ್ಕೆ ಬಂತು. ಏಣಿಯ ಕೆಳಗೆ ನಿಂತಿದ್ದವನು ನಾನು. ತಮ್ಮನ ಕೈಚೀಲದಲ್ಲಿ ಬಟ್ಟು ಇತ್ತು. ತಳದ ಕುಳಿಯನ್ನು ಕೆರೆದು ಉಜ್ಜಿ ಹೊಳೆಯುವಂತೆ ಮಾಡಿದ್ದ.

ಗುರುವಾರದ ಮಾತು ಹೇಳಿ ಮುಗಿಸುತ್ತೇನೆ. ಮಧ್ಯಾಹ್ನ ಊಟ ಮಾಡಿ ಅಂಗಡಿಗೆ ಬಂದು, ಸ್ಟೂಲನ್ನು ಕಿಟಕಿಯ ಬಿಸಿಲಿಗೆ ಎಳೆದುಕೊಂಡು ಕೂತ. ತಮ್ಮ ಫೋನ್ ಮಾಡಿದ. ನಡುಸಮುದ್ರದಲ್ಲಿ ಫೋನ್ ದುಬಾರಿ, ಮಾಡ್ಬೇಡ ಅಂದಿರಲಿಲ್ವಾ ಎಂದು ಇವನು ಗದರಿಸಿದ. ಹಡಗಿನವರು ಇವತ್ತು ಎರಡು ಗಂಟೆಗೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಒಂದು ಮಾಡ್ತಾರಂತೆ ಅಣ್ಣ, ಅದನ್ನ ಹೇಳೋಕೆ ಮಾಡಿದೆ ಎಂದ ತಮ್ಮ. ಯಾರೋ ಹೇಳಿದ್ದಾ, ಕಾಗದದಲ್ಲಿ ಇದೆಯಾ ಎಂದು ಕೇಳಿ, ಕಾಗದವನ್ನು ಎರಡು ಸಲ ಓದಿಸಿ, ಫೋನನ್ನು ಕಿಟಕಿಯ ಮೇಲಿಟ್ಟ. ಕೈಗಡಿಯಾರದ ಮುಳ್ಳು ಎರಡಕ್ಕೆ ಬರುವವರೆಗೆ ಅದನ್ನೇ ನೋಡುತ್ತಾ ಕೂತ. ಬಂದ ಮೇಲೆ ಕೀಲಿಯನ್ನು ಉಗುರಿನಿಂದ ಹೊರಗೆಳೆದು, ನಿಧಾನವಾಗಿ ಒಂದು ಗಂಟೆ ಹಿಂದಕ್ಕೆ ತಿರುಗಿಸಿ, ತಲೆಯೆತ್ತಿ ನನ್ನ ಗೋಡೆಯ ಗಡಿಯಾರವನ್ನು ನೋಡಿದ. ಅದರಲ್ಲೂ ಒಂದು. ಅದು ಸರಿಯಿದೆಯಾ ಎಂದು ನನ್ನನ್ನು ಕೇಳಲಿಲ್ಲ. ಕೀಲಿಯನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿದ.