ಮಣಿಕಟ್ಟು ಬಿಡಿಸಿಕೊಳ್ಳುವ ಪಾಠ

ಭಾನುವಾರ ಸಂಜೆ ಬೂಟಿಗೆ ಪಾಲಿಶ್ ಹಚ್ಚುವುದು ನನ್ನ ಪದ್ಧತಿ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಹಳೆಯ ಪೇಪರು ಹಾಸಿಕೊಂಡು ಕೂಡುತ್ತೇನೆ. ಡಬ್ಬಿಯ ಮುಚ್ಚಳ ತಿರುವಿದ ಕೂಡಲೇ ಏಳುವ ವಾಸನೆ ನಿಮಗೂ ಗೊತ್ತಿರಬೇಕು, ಅತ್ತ ಸೀಮೆಎಣ್ಣೆಯೂ ಅಲ್ಲ, ಇತ್ತ ಮೇಣವೂ ಅಲ್ಲ. ಆ ವಾಸನೆಗೆ ಕೆಲವರಿಗೆ ಶಾಲೆ ನೆನಪಾಗುತ್ತದಂತೆ. ನಾನು ಬೂಟು ಹಾಕಿಕೊಂಡು ಶಾಲೆಗೆ ಹೋದವಳಲ್ಲ. ನನ್ನ ಕಾಲಿಗೆ ಬೂಟು ಬಂದದ್ದೇ ಮದುವೆಯಾಗಿ, ವಿಜಯಪುರದ ಕಡೆಯಿಂದ ಗೋವೆಗೆ ಬಂದು, ಮಗಳು ಹುಟ್ಟಿ, ಸಾಂಕೋಲೆಯ ಫ್ಯಾಕ್ಟರಿಯೊಂದರ ಗೇಟಿನಲ್ಲಿ ಸೆಕ್ಯುರಿಟಿಯಾಗಿ ನಿಂತ ಮೇಲೆ. ಹಾಗಾಗಿ ನನಗೆ ಈ ವಾಸನೆ ಬಂದರೆ ನೆನಪಾಗುವುದು ಲಾಠಿ, ಮತ್ತು ಲಾಠಿಯ ಹಿಂದೆಯೇ ನಮ್ಮ ಅತ್ತೆ.

ಈ ಕೆಲಸಕ್ಕೆ ಯಾಕೆ ಬಂದೆ ಎಂದು ಜನ ಕೇಳುತ್ತಾರೆ. ಯೂನಿಫಾರ್ಮಿನ ಹೆಂಗಸು ಕಂಡರೆ ಏನೋ ದೊಡ್ಡ ಕಥೆ ಇರಬೇಕು ಅಂದುಕೊಳ್ಳುತ್ತಾರೆ ಪಾಪ. ನಿಜ ಹೇಳಿದರೆ ನಗಬೇಡಿ. ನಾನು ಕುರ್ಚಿಯ ಆಸೆಗೆ ಬಂದವಳು. ಮೊದಲು ಅದೇ ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್ನಿನಲ್ಲಿದ್ದೆ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಕೆಲಸ. ಮನೆಗೆ ಬರುವಷ್ಟರಲ್ಲಿ ಪಾದ ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತಿರುತ್ತಿತ್ತು. ಊಟಕ್ಕೆ ಹೋಗುವಾಗ ಬರುವಾಗ ಗೇಟಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಒಂದು ನೀಲಿ ಕುರ್ಚಿ, ಅದರಲ್ಲಿ ಒಬ್ಬ ಹೆಂಗಸು ಕೂತಿರುವುದು ಕಾಣುತ್ತಿತ್ತು. ಆಕೆ ಕೆಲಸ ಬಿಡುತ್ತಾಳೆ, ಟ್ರೇನಿಂಗ್ ಪಾಸಾದವರನ್ನು ತೆಗೆದುಕೊಳ್ಳುತ್ತಾರೆ ಎಂದು ಸುದ್ದಿ ಬಂತು. ನಾನು ಹೆಸರು ಕೊಟ್ಟೆ. ಆ ಕುರ್ಚಿಯಲ್ಲಿ ಕೂಡಲು ಸಿಗುವುದು ಊಟದ ಹೊತ್ತಿಗೆ ಮಾತ್ರ, ಉಳಿದ ಹೊತ್ತು ಗೇಟಿನಲ್ಲಿ ನಿಲ್ಲಬೇಕು ಎನ್ನುವುದು ಆಮೇಲೆ ಗೊತ್ತಾಯಿತು.

ಟ್ರೇನಿಂಗ್ ನಡೆಯುತ್ತಿದ್ದದ್ದು ಫ್ಯಾಕ್ಟರಿಯ ಹಿಂದಿನ ಖಾಲಿ ಶೆಡ್ಡಿನಲ್ಲಿ. ಕಲಿಸುವವಳು ರೊಝಾಲಿನ್ ಮೇಡಂ, ಗೋವೆಯವಳೇ. ಕೊಂಕಣಿ ಬೆರೆತ ಹಿಂದಿಯಲ್ಲಿ ಮಾತಾಡುತ್ತಿದ್ದಳು. ಗಿಡ್ಡ ಹೆಂಗಸು, ಮಾತು ಮಾತ್ರ ಶೆಡ್ಡಿನ ತಗಡಿಗೆ ಬಡಿದು ವಾಪಸ್ಸು ಬರುತ್ತಿತ್ತು. ಮೊದಲ ದಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಯಾಕೆ ಕಲಿಯಬೇಕು ಅಂತ ಬಂದಿದ್ದೀರಿ ಎಂದು ಕೇಳಿದಳು. ಮುಂದಿದ್ದವಳು "ಆತ್ಮರಕ್ಷಣೆ" ಅಂದಳು. ಅವಳ ಪಕ್ಕದವಳೂ ಅದನ್ನೇ ಅಂದಳು. ಕುರ್ಚಿ ಎನ್ನಲು ನಾಚಿಕೆಯಾಗಿ ನಾನೂ ಅದನ್ನೇ ಅಂದೆ. ಮೇಡಂ ನಮ್ಮ ಮುಖ ನೋಡಿ ನಕ್ಕು, ಎಲ್ಲರೂ ಬಳೆ ತೆಗೆದಿಡಿ ಎಂದಳು. ಗಾಜಿನ ಬಳೆ ಮದುವೆಯಾದಾಗಿನಿಂದ ಕೈಬಿಟ್ಟು ಇಳಿದದ್ದಿಲ್ಲ. ಅತ್ತಿತ್ತ ನೋಡಿ, ಮೆಲ್ಲಗೆ ಜಾರಿಸಿ ಊಟದ ಡಬ್ಬಿಯೊಳಗೆ ಇಟ್ಟೆ. ಸಂಜೆ ಬಳೆಗೆಲ್ಲ ಶೇಂಗಾ ಚಟ್ನಿ ಮೆತ್ತಿತ್ತು.

ಲಾಠಿ ಹಿಡಿಯುವುದು ಬೇಗ ಬಂತು. ಒನಕೆ ಹಿಡಿದ ಕೈಗೆ ಅದೇನು ಭಾರ. ನನಗೆ ಬಾರದೇ ಹೋದದ್ದು ಬೇರೆ. ಯಾರಾದರೂ ಮಣಿಕಟ್ಟು ಹಿಡಿದರೆ ಬಿಡಿಸಿಕೊಳ್ಳುವುದು. ಹಿಡಿದವನ ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವೆ ಸಂದಿ ಇರುತ್ತದಲ್ಲ, ಮುಷ್ಟಿಯಲ್ಲಿ ಗಟ್ಟಿ ಇಲ್ಲದ ಜಾಗ ಅದೊಂದೇ. ಆ ಕಡೆ ಕೈ ತಿರುವಿ ಜಗ್ಗಬೇಕು, ಜಗ್ಗುವಾಗ "ಬಿಡು" ಎಂದು ಜೋರಾಗಿ ಕೂಗಬೇಕು. ಹೇಳಲು ಸುಲಭ. ನಾವು ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ನಗುವುದೇ ಆಗುತ್ತಿತ್ತು. ಮೇಡಂ ತಾನೇ ಹಿಡಿದರೆ ಮಾತ್ರ ಇಕ್ಕಳದಲ್ಲಿ ಸಿಕ್ಕಂತಾಗುತ್ತಿತ್ತು, ನಾನು ಎಲ್ಲಿಗೆ ತಿರುವಬೇಕೆಂಬುದನ್ನೇ ಮರೆತು ಅವಳ ಹಿಂದೆ ಕುರಿಮರಿಯಂತೆ ಎಳೆಸಿಕೊಂಡು ಹೋಗುತ್ತಿದ್ದೆ. "ಪರೀಕ್ಷೆಯಲ್ಲಿ ಹಿಡಿಯುವವಳು ನಾನೇ. ಮನೆಗೆ ಹೋಗಿ ಗಂಡನಿಗೆ ಗಟ್ಟಿಯಾಗಿ ಹಿಡಿಯಲು ಹೇಳು, ಅಭ್ಯಾಸ ಮಾಡು" ಎಂದಳು.

ನಮ್ಮವರದು ಟೈಲ್ಸ್ ಕೂಡಿಸುವ ಕೆಲಸ. ಅವರ ಅಂಗೈ ಮುಟ್ಟಿದರೆ ಸಿಮೆಂಟಿನ ಗೋಡೆ ಮುಟ್ಟಿದಂತೆ. ಇಂಥ ಕೈ ಮನೆಯಲ್ಲೇ ಇರುವಾಗ ನನಗೇನು ಚಿಂತೆ ಎಂದು ಖುಷಿಯಿಂದಲೇ ಬಂದೆ. ಚಹಾ ಕೊಟ್ಟು, ಕೈ ಮುಂದೆ ಚಾಚಿ, ಹಿಡೀರಿ ಎಂದೆ. ಅವರು ಹಿಡಿದರು. ಹೇಗೆ ಅಂತೀರಿ, ಬಳೆಗಾರ ಅಳತೆ ನೋಡಲು ಹಿಡಿದ ಹಾಗೆ! ನಾನು ತಿರುವುವ ಮೊದಲೇ ಕೈ ತಾನಾಗಿ ಬಿಟ್ಟುಹೋಯಿತು.

"ಗಟ್ಟಿ ಹಿಡೀರಿ" ಅಂದೆ.

"ಹಿಡದೇನಲ್ಲ."

"ಟೈಲ್ಸ್ ಹಿಡದಂಗ ಹಿಡೀರಿ."

"ಟೈಲ್ಸಿಗೆ ನೋಯೂದಿಲ್ಲ" ಎಂದು ಎದ್ದು ಕೈಕಾಲು ತೊಳೆಯಲು ಹೋದರು.

ಮರುದಿನವೂ ಹಾಗೆಯೇ. ಅದರ ಮರುದಿನವೂ. ಪರೀಕ್ಷೆ ಹತ್ತಿರ ಬರುತ್ತಿತ್ತು. ನನಗೆ ಸಿಟ್ಟು ಬಂದು, "ಊರ ಹೆಣ್ಮಕ್ಕಳೆಲ್ಲ ಗಂಡಂದ್ರ ಬಿಗಿ ಹಿಡದಾರಂತ ಅಳತಾರ. ನಾ ಹಿಡೀರಿ ಅಂತ ಕೈಮುಗದು ಕೇಳಾಕತ್ತೇನಿ, ನಿಮಗ ಆಗವಲ್ದು" ಎಂದುಬಿಟ್ಟೆ. ಅವರು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಮಗಳು ಅಕ್ಷತಾ ಆಗ ತೊದಲುವ ಕೂಸು, ಅವಳೂ ಹೋಗಿ ಅವರ ಪಕ್ಕ ಕೂತಳು. ಎದುರಿಗೆ ಸಾಲುಮನೆಗಳ ನಲ್ಲಿಯ ಹತ್ತಿರ ಕೊಡಗಳ ಗದ್ದಲ ನಡೆದಿತ್ತು. ಸ್ವಲ್ಪ ಹೊತ್ತಿಗೆ ನಾನೂ ಹೋಗಿ ಕೂತೆ.

ಅವರು ನನ್ನ ಕಡೆ ನೋಡದೆ ಹೇಳಿದರು. "ನಮ್ಮಪ್ಪ ಅವ್ವಗ ಹೊಡ್ಯೂಕಿಂತ ಮೊದಲ ಕೈ ಹಿಡೀತಿದ್ದ. ಇಲ್ಲೆ." ತಮ್ಮ ಮಣಿಕಟ್ಟು ಮುಟ್ಟಿ ತೋರಿಸಿದರು. "ಬಳಿ ಒಡದ ಸಪ್ಪಳ ಆತಂದ್ರ ನಾನೂ ಅಕ್ಕನೂ ಹಿತ್ತಲಕ್ಕ ಓಡಿಬಿಡತಿದ್ವಿ. ನಮ್ಮ ಸೋದರಮಾವ ನನ್ನ ತಾಲೀಮಿಗೆ ಹಚ್ಚಬೇಕಂತ ಭಾಳ ಕರದ. ಕುಸ್ತಿ ಕಲಿ, ಮೈ ಐತಿ ಅಂದ. ನಾ ಒಲ್ಲೆ ಅಂದೆ. ನಮ್ಮಪ್ಪನೂ ಅಲ್ಲೇ ಕಲತಾಂವ. ಕೈಗೆ ಆ ರೂಢಿ ಆಗೂದs ಬ್ಯಾಡ ನೋಡು."

ಅವರಪ್ಪ, ಅಂದರೆ ನನ್ನ ಮಾವ, ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ನಮ್ಮ ಮನೆಯಲ್ಲಿ ಅವರ ಮಾತೇ ಬರುತ್ತಿರಲಿಲ್ಲ, ಯಾಕೆ ಬರುತ್ತಿರಲಿಲ್ಲ ಎಂದು ಆವತ್ತು ತಿಳಿಯಿತು. ಇಷ್ಟು ವರ್ಷ ನಾನು ನಮ್ಮವರನ್ನು ಮೆತ್ತನೆಯ ಮನುಷ್ಯ ಎಂದುಕೊಂಡಿದ್ದೆ, ಮೆತ್ತಗಿರುವುದನ್ನು ಸಣ್ಣವರಿದ್ದಾಗಿನಿಂದ ಪಟ್ಟು ಹಿಡಿದು ಕಾಯ್ದುಕೊಂಡು ಬಂದಿದ್ದಾರೆ ಎಂದು ಹೊಳೆದಿರಲಿಲ್ಲ. ಇನ್ನು ಕೇಳುವುದಿಲ್ಲ ಎಂದೆ. ನಾಪಾಸಾದರೆ ಪ್ಯಾಕಿಂಗ್ ಇದ್ದೇ ಇತ್ತು.

ಆ ವಾರವೇ ಊರಿನಿಂದ ಅತ್ತೆ ಬಂದರು. ನನಗೆ ಗೇಟಿನ ಕೆಲಸ ಸಿಕ್ಕರೆ ಪಾಳಿ ಬದಲಾಗುತ್ತದೆ, ಮಗುವನ್ನು ನೋಡಿಕೊಳ್ಳಲು ಒಬ್ಬರು ಬೇಕು ಎಂದು ನಮ್ಮವರೇ ಕರೆಸಿದ್ದರು. ಸಣ್ಣ ಮೈಯ ಹೆಂಗಸು. ಚೀಲದ ತುಂಬ ಜೋಳದ ಹಿಟ್ಟು, ಗುರೆಳ್ಳು ಪುಡಿ ಹೊತ್ತುಕೊಂಡು ಬಂದು, ಬಂದ ಗಳಿಗೆಯಿಂದ ಇಲ್ಲಿಯ ಅನ್ನ ದಪ್ಪ, ಇಲ್ಲಿಯ ಗಾಳಿ ಅಂಟು ಎಂದು ದೂರತೊಡಗಿದರು. ಜೋರು ಮಾತು ಅವರ ಬಾಯಲ್ಲಿ ನಾನು ಕೇಳಿದ್ದಿಲ್ಲ. ದೂರುವುದೂ ತಮ್ಮಷ್ಟಕ್ಕೇ, ಒಲೆಯ ಮುಂದೆ.

ಪರೀಕ್ಷೆಯ ಹಿಂದಿನ ದಿನ ರಜೆ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಅಕ್ಷತಾಳನ್ನು ಕಂಕುಳಲ್ಲಿ ಎತ್ತಿಕೊಂಡು ಬಿಸ್ಕೀಟು ಕೊಡಿಸಲು ಅಂಗಡಿಗೆ ಹೋದರು. ನಾನು ಗೋಡೆಯ ಮೊಳೆಗೆ ದುಪಟ್ಟಾ ಕಟ್ಟಿ, ಇನ್ನೊಂದು ತುದಿಗೆ ನನ್ನ ಕೈ ಸಿಕ್ಕಿಸಿ, ತಿರುವುತ್ತ ಒದ್ದಾಡುತ್ತಿದ್ದೆ. ಎಷ್ಟು ಹಾಸ್ಯಾಸ್ಪದವಾಗಿ ಕಂಡೆನೋ, ನಮ್ಮವರು ನೋಡಿ ನೋಡಿ ತಾಳಲಾರದೆ ಎದ್ದು ಬಂದರು. "ಒಂದs ಸಲ. ನೋತಂದ್ರ ಹೇಳಬೇಕು ಮತ್ತ" ಎಂದು ಕಣ್ಣು ಮುಚ್ಚಿಕೊಂಡು ನನ್ನ ಮಣಿಕಟ್ಟು ಹಿಡಿದರು. ಈ ಸಲ ನಿಜವಾಗಿ ಹಿಡಿದರು. ಮೇಡಂ ಕಲಿಸಿದ್ದು ನೆನಪಾಗಿ, ಇದ್ದ ದನಿಯೆಲ್ಲ ಒಟ್ಟುಮಾಡಿ ಕೂಗಿದೆ.

"ಬಿಡೂ!"

ಬಾಗಿಲಲ್ಲಿ ಅತ್ತೆ ನಿಂತಿದ್ದರು.

ಮಗುವನ್ನು ಅವರು ಯಾವಾಗ ಕೆಳಗಿಳಿಸಿದರೋ, ಮೂಲೆಯ ಕಸಬರಿಗೆ ಯಾವಾಗ ಕೈಗೆ ಬಂತೋ ನಾನು ಕಾಣೆ. ಮಗನ ಬೆನ್ನ ಮೇಲೆ ರಪರಪ ಬಾರಿಸತೊಡಗಿದರು. "ನಿಮ್ಮಪ್ಪನ ಚಾಳಿ ನಿನಗೂ ಬಂತೇನೋ ಬಾಡ್ಯಾ! ನನ್ನ ಕಣ್ಣಮುಂದನ! ಬಿಡೋ ಆಕಿ ಕೈ! ಬಿಡೋ!" ಸಾಲುಮನೆಯ ಅಷ್ಟೂ ಬಾಗಿಲುಗಳಿಗೆ ಕೇಳುವಂಥ ದನಿ. ನಮ್ಮವರು ಬಿಡುವುದನ್ನೇ ಮರೆತು, "ಯವ್ವಾ, ಯವ್ವಾ, ಕೇಳಿಲ್ಲೆ" ಎನ್ನುತ್ತ, ನನ್ನ ಕೈ ಹಿಡಿದುಕೊಂಡೇ ಪೆಟ್ಟು ತಿನ್ನುತ್ತಿದ್ದರು. ಆ ಗಡಿಬಿಡಿಯಲ್ಲಿ ನನ್ನ ಕೈ ತಾನೇ ತಿರುಗಿ, ಸರಕ್ಕನೆ ಹೊರಗೆ ಬಂತು. ಶೆಡ್ಡಿನಲ್ಲಿ ಒಮ್ಮೆಯೂ ಬಾರದ್ದು, ಯೋಚನೆ ಮಾಡದೇ ಇದ್ದಾಗ ಬಂತು. "ಬಂತು! ನೋಡ್ರೀ, ಬಂತು!" ಎಂದು ನಾನು ಕುಣಿದೆ. ಅತ್ತೆಯ ಕಸಬರಿಗೆ ಮೇಲೆಯೇ ನಿಂತಿತು.

ಎಲ್ಲವನ್ನೂ ಬಿಡಿಸಿ ಹೇಳಿದೆವು. ಟ್ರೇನಿಂಗು, ಪರೀಕ್ಷೆ, ಮೇಡಂ ಹೇಳಿದ್ದು. ನಾಲ್ಕು ದಿನದಿಂದ ನಿಮ್ಮ ಮಗ ಹಿಡಿಯಲೊಲ್ಲೆ ಅಂತಿದ್ದರು, ನಾನೇ ಕಾಡಿಸಿದೆ ಅಂತಲೂ ಹೇಳಿದೆ. ಅತ್ತೆ ಗೋಡೆಗೆ ಒರಗಿ ಕೂತು ನೀರು ಕುಡಿದರು. ಅಕ್ಷತಾ ನೆಲದ ಮೇಲಿನ ಬಿಸ್ಕೀಟು ಆರಿಸಿ ತಿನ್ನುತ್ತಿದ್ದಳು. ಕೊನೆಗೆ ಅತ್ತೆ ಕೇಳಿದರು.

"ಇದನ್ನ ಕಲಸಾವರು ಯಾರು?"

"ಒಬ್ಬಾಕಿ ಬಾಯಿ ಅದಾರ್ರಿ ಅತ್ತಿ."

"ಹೆಣ್ಮಗಳು?"

"ಹೂಂನ್ರಿ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತು, "ಎಲ್ಲೆ, ನನಗೂ ತೋರಸು" ಅಂದರು.

ನಾನು ಅವರ ಮಣಿಕಟ್ಟು ಹಿಡಿಯಲು ಹೋದೆ. ಬಳೆಯಿಲ್ಲದ, ಎಲುಬು ಎದ್ದ ಕೈ. ಅವರು ಹಿಂದಕ್ಕೆ ಎಳೆದುಕೊಂಡರು. "ನೀ ಅಲ್ಲ ತಂಗೀ. ಅಂವ ಹಿಡೀಲಿ."

"ನಾ ಒಲ್ಲೆ ಯವ್ವಾ" ಎಂದು ನಮ್ಮವರು ಬಾಗಿಲ ಕಡೆ ಹೊರಟರು.

"ಹಿಡಿಯೋ ಬಸು. ನಾನs ಹೇಳಾಕತ್ತೇನಲ್ಲ. ನೀ ಹಿಡೀದಿದ್ರ ನಾ ಹೆಂಗ ಬಿಡಿಸ್ಕೊಳ್ಳಿ?"

ಅವರು ಹಿಡಿದರು. ಸಡಿಲ ಬಿಡಲಿಲ್ಲ. ಸಡಿಲ ಬಿಟ್ಟರೆ ಅವ್ವನಿಗೆ ಮೋಸ ಮಾಡಿದಂತೆ ಎಂದು ಅನ್ನಿಸಿರಬೇಕು. ನಾನು ಬೆರಳಿಟ್ಟು ಸಂದಿ ತೋರಿಸಿದೆ, ಹೀಗೆ ತಿರುವಿ, ಹೀಗೆ ಜಗ್ಗಿ. ಅತ್ತೆ ಹಲ್ಲು ಕಚ್ಚಿ ತಿರುವಿದರು. ಕೈ ಹೊರಗೆ ಬಂತು. ಅವರು ತಮ್ಮ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. "ಇನ್ನೊಮ್ಮೆ ಹಿಡಿ" ಅಂದರು. ಮತ್ತೆ ಬಂತು. ಆಮೇಲೆ ಎಡಗೈ ಕೊಟ್ಟರು. ಅದೂ ಬಂತು.

"ಇಷ್ಟs ಏನು?" ಅಂದರು ಅತ್ತೆ. "ಇಷ್ಟs ಇತ್ತೇನಿದು?"

ಇಷ್ಟೇ ಇರಲಿಲ್ಲ ಎಂದು ನನಗೂ ಗೊತ್ತು, ಅವರಿಗಂತೂ ಗೊತ್ತೇ ಇತ್ತು. ಬರಿಯ ಬೆರಳಿನ ಸಂದಿಯ ಮಾತಾಗಿದ್ದರೆ ಯಾವ ಹೆಂಗಸೂ ಒಬ್ಬನ ಕೈಯಲ್ಲಿ ಅಷ್ಟು ವರ್ಷ ಸಿಕ್ಕಿಬಿದ್ದಿರುತ್ತಿರಲಿಲ್ಲ. ಅಷ್ಟರಲ್ಲಿ ಅತ್ತೆಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ನಗುತ್ತಲೇ ಮಗನ ಬೆನ್ನಿನ ಅಂಗಿ ಎತ್ತಿ, ಕಸಬರಿಗೆಯ ಗೆರೆಗಳಿಗೆ ಕೊಬ್ಬರಿ ಎಣ್ಣೆ ಸವರಿದರು. ನಮ್ಮವರು ತಲೆ ತಗ್ಗಿಸಿ ಕೂತು ಸವರಿಸಿಕೊಂಡರು. ಅವರು ಅತ್ತದ್ದನ್ನು ನಾನು ನೋಡಲಿಲ್ಲ ಎಂದೇ ಇಟ್ಟುಕೊಳ್ಳೋಣ.

ಪರೀಕ್ಷೆಯಲ್ಲಿ ರೊಝಾಲಿನ್ ಮೇಡಂ ಹಿಡಿದ ಕೂಡಲೇ ಬಿಡಿಸಿಕೊಂಡೆ. ಕೂಗಿದ್ದು ಮಾತ್ರ "ಬಿಡೋ ಬಾಡ್ಯಾ" ಎಂದು. ಮೇಡಂಗೆ ಅರ್ಥವಾಗಲಿಲ್ಲ, ದನಿ ಚೆನ್ನಾಗಿದೆ ಎಂದಳು.

ಅಂದಿನಿಂದ ಗೇಟಿನಲ್ಲಿದ್ದೇನೆ. ಇಷ್ಟು ವರ್ಷಗಳಲ್ಲಿ ಯಾರೂ ನನ್ನ ಕೈ ಹಿಡಿದಿಲ್ಲ, ನಾನು ಯಾರ ಮೇಲೂ ಲಾಠಿ ಎತ್ತಿಲ್ಲ. ಒಮ್ಮೆ ಒಬ್ಬ ಕುಡಿದ ಲಾರಿ ಡ್ರೈವರು ದನಿ ಏರಿಸಿದ, ನಾನೂ ಏರಿಸಿದೆ, ಅವನೇ ಇಳಿಸಿದ. ನಾಯಿ ಕಂಡರೆ ನನಗೆ ಈಗಲೂ ಹೆದರಿಕೆಯೇ. ಅತ್ತೆ ನಮ್ಮ ಜೊತೆಗೇ ಉಳಿದರು. ಅನ್ನ ದಪ್ಪ ಎಂದು ಈಗಲೂ ದೂರುತ್ತಾರೆ, ಆದರೆ ಜೋರಾಗಿ, ಪಕ್ಕದ ಮನೆಗೂ ಕೇಳುವ ಹಾಗೆ. ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಹಿತವಾಗುತ್ತದೆ.

ಇವತ್ತು ಬೂಟು ಬದಿಗಿಟ್ಟು, ಕೈ ತೊಳೆದುಕೊಂಡು ಒಳಗೆ ಬಂದರೆ ಅಕ್ಷತಾ ಮಂಚದ ಮೇಲೆ ಮೊಬೈಲು ನೋಡುತ್ತ ಕೂತಿದ್ದಳು. ಈಗ ಕಾಲೇಜಿಗೆ ಹೋಗುತ್ತಾಳೆ, ನನಗಿಂತ ಎತ್ತರ. ಪಕ್ಕದಲ್ಲಿ ಕೂತು, "ನಿನಗೂ ಕೈ ಬಿಡಿಸ್ಕೊಳ್ಳೂದು ಕಲಸ್ತೇನಿ, ಬಾ" ಎಂದೆ.

"ಯಾಕ ಮಮ್ಮಿ?" ಅಂದಳು ಕಣ್ಣೆತ್ತದೆ.

ಹೇಳಲು ಶುರು ಮಾಡುವ ಬದಲು ಅವಳ ಮಣಿಕಟ್ಟನ್ನೇ ಗಪ್ಪನೆ ಹಿಡಿದೆ. ಮೇಡಂ ಹಿಡಿಯುತ್ತಿದ್ದಂತೆ, ಬಿಗಿಯಾಗಿ. ಹುಡುಗಿ ಬೆಚ್ಚಲಿಲ್ಲ. ಮೈ ಬಿಗಿಯಲಿಲ್ಲ. ಹಿಡಿದ ಕೈಯನ್ನು ನನ್ನ ತೊಡೆಯ ಮೇಲೆ ಹಾಗೆಯೇ ಬಿಟ್ಟು, ಇನ್ನೊಂದು ಕೈಯಿಂದ ಮೊಬೈಲು ಸರಿಸುತ್ತ, "ನಿನ್ನ ಕೈ ಎಷ್ಟ ತಣ್ಣಗ ಐತಿ ಮಮ್ಮಿ" ಅಂದಳು.

ಗೋಡೆಗೆ ಒರಗಿದ್ದ ಅತ್ತೆ ನೋಡುತ್ತಿದ್ದರು. ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತ ನಮ್ಮವರೂ ನೋಡುತ್ತಿದ್ದರು. ಅವಳಿಗೆ ಕಲಿಸುವುದು ಕಲಿಸಿಯೇ ಸೈ, ಹೊರಗಿನ ಲೋಕ ನಮ್ಮ ಮನೆಯಂತಿಲ್ಲ. ನಾಳೆ ಕಲಿಸಿದರಾಯಿತು. ಬೆರಳು ಸಡಿಲಿಸಿ, ಆ ಕೈಯನ್ನು ಹಾಗೆಯೇ ಹಿಡಿದುಕೊಂಡು ಕೂತೆ.