ಬಂಡೂ ಕಾಕಾ ಓದಿದ ಎರಡು ತಾರು

ಬಂಡೂ ಕಾಕಾರ ಕೈಗೆ ಯಾರಾದರೂ ಟೆಲಿಗ್ರಾಮಿನ ತಾರು ಕೊಟ್ಟರೆ ಅವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಅದರೊಳಗಿನ ಸುದ್ದಿಯನ್ನು ಅಂಗೈಯಿಂದ ಮುಚ್ಚಿಬಿಡುವುದು. ಎದುರಿಗೆ ನಿಂತವರ ಜೀವ ಬಾಯಿಗೆ ಬಂದಿರುತ್ತಿತ್ತು. "ಕಾಕಾ, ಇದ್ದಾರೋ ಹೋಗ್ಯಾರೋ, ಲಗೂ ಹೇಳ್ರಿ!" ಎಂದು ಅವರು ಕೈ ಹಿಸುಕಿಕೊಳ್ಳುತ್ತಿದ್ದರೆ ಇವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಾಗದದ ನೆತ್ತಿಯ ಮೇಲಿನ ಅಂಕಿಗಳನ್ನೇ ನೋಡುತ್ತಿದ್ದರು. "ತಡೀರಿ, ಇದು ಅಲ್ಲಿಂದ ಯಾವಾಗ ಹೊಂಟದ ನೋಡೋಣು. ತಾರು ಅಂದ್ರ ಹಳೇ ಮಾತು. ಎಷ್ಟು ಹಳೇದು ಅಂತ ತಿಳೀಲಾರದ ಅತ್ತರೂ ದಂಡ, ನಕ್ಕರೂ ದಂಡ."

ಹುಬ್ಬಳ್ಳಿಯ ತಾರು ಕಚೇರಿಯಲ್ಲಿ ಹರೆಯವನ್ನೆಲ್ಲ ಕಳೆದು, ಪೆನ್ಶನ್ ಆದ ಮೇಲೆ ಮಾಳಮಡ್ಡಿಯಲ್ಲಿ ನಮ್ಮ ಚಾಳಿನ ಮೂಲೆಯ ಖೋಲಿಗೆ ಬಂದು ಸೇರಿದ್ದರು. ಹೆಂಡತಿ ಎಂದೋ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಾರಿನ ಮೇಲೆ ಹೊತ್ತನ್ನು ಇಪ್ಪತ್ನಾಲ್ಕು ಗಂಟೆಯ ಲೆಕ್ಕದಲ್ಲಿ ಬರೆಯುತ್ತಿದ್ದರಂತೆ. ಆ ಚಟ ಇವರ ನಾಲಗೆಗೂ ಹತ್ತಿತ್ತು.

"ತಂಗಿ, ಹದಿನಾರು ಗಂಟೇಕ್ಕ ಚಹಾಕ್ಕ ಬರ್ತೇನಿ," ಎನ್ನುವರು ಅವ್ವನಿಗೆ.

"ಬಂಡಣ್ಣಾ, ನಮ್ಮ ಗಡಿಯಾರದಾಗ ಹನ್ನೆರಡರ ಮ್ಯಾಲೆ ಅಂಕಿನ ಇಲ್ಲರಿ. ನಿಮಗ ಚಹಾ ಯಾವಾಗ ಕೊಡ್ಲಿ?"

"ನಾಕಕ್ಕ ಕೊಟ್ಟಬಿಡು. ಚಹಾಕ್ಕೇನು ತಿಳೀತದ!"

ಒಡಹುಟ್ಟಿದವರಿಲ್ಲದ ಅವ್ವನಿಗೆ ಅವರೇ ಅಣ್ಣ. ಪಂಚಮಿಗೆ ಉಂಡಿ ಕಟ್ಟಿದರೆ ಮೊದಲ ತಾಟು ಹೋಗುತ್ತಿದ್ದುದು ಆ ಖೋಲಿಗೆ.

ಒಮ್ಮೆ ಎದುರು ಮನೆಯ ದೇಸಾಯರಿಗೆ ಅಳಿಯನ ತಾರು ಬಂತು, 'ನಾಳೆ ಬರುತ್ತೇನೆ' ಎಂದು. ದೇಸಾಯರು ನಾಳೆಯ ಹೋಳಿಗೆಗೆ ಬೇಳೆ ತರಲು ಚೀಲ ಹಿಡಿದು ಹೊರಟಿದ್ದರು. ಕಾಕಾ ತಾರು ಇಸಿದುಕೊಂಡು ನೋಡಿ, "ರಾಯರ, ಇದು ನಿನ್ನಿ ಹೊಂಟದ್ದು. ಅವರ ನಾಳಿ ಅಂದ್ರ ನಮ್ಮ ಇವತ್ತು. ಅಳಿಯಂದಿರು ಈಗ ಸ್ಟೇಶನ್ನಿನಾಗ ನಿಮ್ಮ ದಾರಿ ನೋಡಾಕತ್ತಿರಬೇಕು," ಎಂದರು. ಮಾತು ಮುಗಿಯುವುದರೊಳಗೆ ಟಾಂಗಾ ಬಂದು ನಿಂತಿತು. ಇಳಿದ ಅಳಿಯನ ಮುಖ ಬೋಂಡಾದಂತೆ ಊದಿತ್ತು. ಆ ಸಂಜೆ ಇಡೀ ಚಾಳು ಬಿದ್ದು ಬಿದ್ದು ನಕ್ಕಿತು.

ಅರವತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ ನಮ್ಮ ನಗೆ ನಿಂತುಹೋಯಿತು. ನಾನಾಗ ಕಾಲೇಜಿನಲ್ಲಿದ್ದೆ. ಮದುವೆಯಾಗಿ ಮುಂಬಯಿಯಲ್ಲಿದ್ದ ನನ್ನಕ್ಕ ಶಾಂತಕ್ಕನಿಗೆ ವಿಷಮಜ್ವರ ಬಂದು ಆಸ್ಪತ್ರೆ ಸೇರಿದ್ದಾಳೆಂದು ಭಾವ ಬರೆದಿದ್ದರು. ಅಂದಿನಿಂದ ಅವ್ವ ಒಲೆಯ ಮುಂದೆ ಕುಳಿತರೂ ಕಿವಿ ಬಾಗಿಲಿಗೇ. ಮಳೆಗೆ ಎಲ್ಲೋ ತಂತಿ ಕಡಿದಿತ್ತಂತೆ. ಒಂದು ಸಂಜೆ ಭಾವನ ಎರಡು ತಾರು ಒಟ್ಟಿಗೇ ಬಂದವು. ಒಂದರಲ್ಲಿ 'ಜ್ವರ ಇಳಿದಿದೆ, ಚಿಂತೆ ಬೇಡ' ಎಂದಿತ್ತು. ಇನ್ನೊಂದರಲ್ಲಿ 'ಸ್ಥಿತಿ ಗಂಭೀರ, ಕೂಡಲೇ ಹೊರಡಿ' ಎಂದಿತ್ತು.

ಯಾವುದು ಮೊದಲಿನದು, ಯಾವುದು ಆಮೇಲಿನದು? ಜವಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಮೇಲಿನ ಅಂಕಿ ನೋಡಿದರು. ಎರಡಕ್ಕೂ ಅಂದಿನದೇ ತಾರೀಖು. ಗಂಭೀರ ಎಂದದ್ದರ ಮೇಲೆ ಹನ್ನೊಂದು ಗಂಟೆ, ಜ್ವರ ಇಳಿದದ್ದರ ಮೇಲೆ ಎರಡೂವರೆ. "ಮುಂಜಾನೆ ಹನ್ನೊಂದಕ್ಕ ಜಡಾಗಿತ್ತು, ಮಧ್ಯಾಹ್ನ ಎರಡೂವರಿಗೆ ಇಳದದ! ಹುಡುಗಿ ಉಳದಳು!" ಎಂದು ಅಪ್ಪ ಕೂಗಿದರು. ಅವ್ವ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಚಾಳಿಗೆಲ್ಲ ಸಕ್ಕರೆ ಹಂಚಿದಳು. ಕಾಕಾರನ್ನು ನಾನೇ ಕರೆತಂದೆ.

ಅವರು ಸಕ್ಕರೆಯನ್ನು ಬಾಯಿಗೆ ಒಯ್ಯುತ್ತಲೇ ಇನ್ನೊಂದು ಕೈಯಲ್ಲಿ ತಾರುಗಳನ್ನು ಎತ್ತಿಕೊಂಡರು. ಅಂಕಿ ನೋಡಿದವರು ಸಕ್ಕರೆಯ ಕೈಯನ್ನು ಕೆಳಗಿಳಿಸಿದರು.

"ಮಧ್ಯಾಹ್ನಾದ್ದಾಗಿದ್ರ ಹದಿನಾಕೂವರಿ ಅಂತ ಬರೀತಿದ್ರು. ಇದು ಬೆಳಗಾಗೂಕಿಂತ ಮುಂಚಿನ ಎರಡೂವರಿ. ಮುಂಬಯಿ ಕಚೇರಿ ರಾತ್ರೆಲ್ಲಾ ತೆರದಿರ್ತದ. ಜ್ವರ ಇಳದದ್ದು ಮೊದಲು. ಆಮ್ಯಾಲೆ ಮತ್ತ ಜಡಾಗೇದ. ಗಂಭೀರ ಅನ್ನೂದ ಕಡೀ ತಾರು. ಲಗೂ ಏಳ್ರಿ, ಮುಂಬಯಿಗೆ ಹೋಗಾಕ ಪುಣೆ ಗಾಡಿ ಇನ್ನೂ ಸಿಗ್ತದ."

ಅವ್ವ ಕಾಕಾರ ಎರಡೂ ಕೈ ಹಿಡಿದುಕೊಂಡಳು. "ಇನ್ನೊಮ್ಮೆ ನೋಡ್ರಿ ಅಣ್ಣಾ. ನಿಮಗ ಇದರ ಲೆಕ್ಕಾ ಎಲ್ಲಾ ಗೊತ್ತದ. ಏನರ ಮಾಡಿ ಆ ಎರಡೂವರಿ ಮಧ್ಯಾಹ್ನಾದ್ದು ಮಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ, ಅದನ್ನ ಮಧ್ಯಾಹ್ನಾದ್ದು ಮಾಡ್ರಿ."

"ನನ್ನ ಕೈಯಾಗಿದ್ರ ಮಾಡತಿದ್ದೆ ತಂಗಿ." ಅವರು ಕೈ ಬಿಡಿಸಿಕೊಂಡು ತಾರುಗಳನ್ನು ಅಪ್ಪನ ಜೇಬಿಗೆ ತುರುಕಿದರು. "ಏಳು. ಅಳೂದಿದ್ರ ಗಾಡ್ಯಾಗ ಅಳು."

ಆ ಮಳೆಯಲ್ಲಿ ಕೊಡೆಯಿಲ್ಲದೆ ಓಡಿ ಟಾಂಗಾ ತಂದವರು ಅವರೇ. ಗಾಡಿ ಸಿಕ್ಕಿತು. ಮರುದಿನ ಸಂಜೆ ನಾವು ಆಸ್ಪತ್ರೆ ಮುಟ್ಟಿದಾಗ ಅಕ್ಕನಿಗೆ ಎಚ್ಚರವಿತ್ತು. "ಅವ್ವಾ, ಬಂದಿಯೇನು?" ಎಂದು ಅವ್ವನ ತೊಡೆಯ ಮೇಲೆ ತಲೆ ಹಾಕಿದಳು. ಸಣ್ಣ ದನಿಯಲ್ಲಿ ಮನೆಯ ಮಾತು ಒಂದಿಷ್ಟು ಆಡಿದಳು, ಯಾರ‍್ಯಾರು ಹೇಗಿದ್ದಾರೆಂದು ಕೇಳಿದಳು. ಬೆಳಗಾಗುವುದರೊಳಗೆ ಹೋಗಿಬಿಟ್ಟಳು.

ತಿರುಗಿ ಬಂದ ಮೇಲೆ ಅವ್ವ ಕಾಕಾರೊಡನೆ ಮಾತು ಬಿಟ್ಟಳು. "ಅವರ ಮಾರಿ ಕಂಡ್ರ ನನಗ ಆ ಸಂಜಿ ಎದ್ದು ಬರ್ತದ," ಎಂದಷ್ಟೇ ನನಗೆ ಹೇಳಿದಳು. ಇದು ನ್ಯಾಯವಲ್ಲವೆಂದು ನಾನು ಎಷ್ಟೋ ಸಲ ಜಗಳಾಡಿದೆ. ಕಾಕಾ ಮಾತ್ರ ಜಗಳಾಡಲಿಲ್ಲ. ನಮ್ಮ ಬಾಗಿಲ ಮುಂದೆ ಹಾಯುವುದನ್ನು ಬಿಟ್ಟು ಹಿತ್ತಲ ಸಂದಿಯಲ್ಲಿ ತಿರುಗಾಡತೊಡಗಿದರು. ಯಾರಾದರೂ ತಾರು ತಂದರೆ, "ಕಣ್ಣು ಕಾಣಸೂದಿಲ್ಲರಿ, ಬ್ಯಾರೆ ಯಾರಿಗರ ತೋರಸ್ರಿ," ಎಂದು ಕಳಿಸುತ್ತಿದ್ದರು. ಕಣ್ಣಿಗೆ ಏನೂ ಆಗಿರಲಿಲ್ಲ. ನಾನು ಊಟ ಒಯ್ದಾಗಲೆಲ್ಲ ಅವರದು ಒಂದೇ ಪ್ರಶ್ನೆ: "ತಂಗಿ ಉಂಡಳೇನು?"

ಹೀಗೇ ಒಂದೆರಡು ವರ್ಷ ಹೋದವು. ಒಂದು ಮಧ್ಯಾಹ್ನ ಕಾಕಾ ಲಕ್ವಾ ಹೊಡೆದು ಬಿದ್ದರು. ಮಾತು ನಿಂತಿತು. ಡಾಕ್ಟರು ಬಂದು ನೋಡಿ, ಇನ್ನು ಮನೆಯವರನ್ನು ಕರೆಸಿರಿ ಎಂದರು. ಕರೆಸಲು ಮನೆಯವರು ಯಾರಿದ್ದರು? ಸುದ್ದಿ ಕೇಳಿ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಓಡಿದಳು. ಹಾಸಿಗೆಯ ಪಕ್ಕದಲ್ಲಿ ಕುಳಿತು ಅವರ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು.

"ಅಣ್ಣಾ, ನೀವು ಹೇಳಿದ್ರಿ ಅಂತನ ನಾ ಆಕೀನ್ನ ಜೀವಂತ ನೋಡಿದೆ. ಇಲ್ಲಂದ್ರ ನನ್ನ ಕೂಸು ಅವ್ವಾ ಅವ್ವಾ ಅಂತ ಒಬ್ಬಾಕಿನ ಹೋಗತಿದ್ದಳು. ನಿಮ್ಮದೇನೂ ತಪ್ಪಿಲ್ಲ. ಕೇಳಸ್ತೇನು ಅಣ್ಣಾ?"

ಕಾಕಾರ ಕಣ್ಣು ತೆರೆದಿದ್ದವು, ಆದರೆ ನಮ್ಮ ಕಡೆ ತಿರುಗಲಿಲ್ಲ. ಅವ್ವ ಕಿವಿಯ ಹತ್ತಿರ ಬಗ್ಗಿ ಅದನ್ನೇ ಮತ್ತೊಮ್ಮೆ ಹೇಳಿದಳು. ದನಿ ಏರಿಸಿ ಇನ್ನೊಮ್ಮೆ ಹೇಳಿದಳು. ಅಪ್ಪ ಅವರ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ, "ಸಾಕ ಮಾಡು," ಎಂದರು. ಅವ್ವ ಸಾಕು ಮಾಡಲಿಲ್ಲ.